ಫ್ಯಾಂಟಮ್ ಲಿಬರ್ಟಿ: ಎಲ್ಲಿಂದ ಶುರು ಮಾಡಬೇಕು, ಯಾರನ್ನು ನಂಬಬೇಕು

'ಸೈಬರ್‌ಪಂಕ್ 2077' ಎಂಬ ವಿಡಿಯೋ ಗೇಮ್ ಮುಗಿಸಿದವರು, ಅರ್ಧಕ್ಕೆ ಬಿಟ್ಟವರು, ಇನ್ನೂ ಮುಟ್ಟದವರು, ಹೀಗೆ ಮೂರೂ ಬಗೆಯ ಗೆಳೆಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಫ್ಯಾಂಟಮ್ ಲಿಬರ್ಟಿ ತಗೊಂಡಿದ್ದೀನಿ, ಎಲ್ಲಿಂದ ಶುರು ಮಾಡ್ಲಿ?" ಹದಿನೈದು ದಿನ ಕಳೆದ ಮೇಲೆ ಅದೇ ಗೆಳೆಯರಿಂದ ಇನ್ನೊಂದು ಫೋನು ಬರುತ್ತದೆ, ಬಹುತೇಕ ರಾತ್ರಿ ಹನ್ನೊಂದು ದಾಟಿದ ಮೇಲೆ. "ಆಟ ಪಾಸ್ ಮಾಡಿ ಕೂತಿದ್ದೀನಿ. ರೀಡ್ ಮಾತು ಕೇಳ್ಲಾ, ಆ ಹುಡುಗಿ ಮಾತು ಕೇಳ್ಲಾ?"

ರೀಡ್ ಅಂದರೆ ಈ ಕಥೆಯ ಬೇಹುಗಾರ, ಆ ಹುಡುಗಿ ಅಂದರೆ ಸಾಂಗ್‌ಬರ್ಡ್, ಇಬ್ಬರೂ ನಿಮ್ಮ ನಂಬಿಕೆ ಕೇಳುತ್ತಾರೆ. ಈ ಎರಡೂ ಬೇರೆ ಬೇರೆ ಪ್ರಶ್ನೆಗಳಲ್ಲ. ಮೊದಲನೆಯದಕ್ಕೆ ನೀವು ಕೊಟ್ಟುಕೊಂಡ ಉತ್ತರದ ಮೇಲೆ ಎರಡನೆಯದರ ತೂಕ ನಿಂತಿರುತ್ತದೆ. ಅದಕ್ಕೇ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ. ಕಥೆಯ ಗುಟ್ಟು ಬಿಟ್ಟುಕೊಡುವ ಭಾಗ ಬರುವ ಮುಂಚೆ ಹೇಳುತ್ತೇನೆ, ಅಲ್ಲಿವರೆಗೆ ಧೈರ್ಯವಾಗಿ ಓದಿ.

ಇನ್ನೂ ಗೊತ್ತಿಲ್ಲದವರಿಗೆ ಎರಡು ಮಾತು. ಪೋಲೆಂಡಿನ ವಾರ್ಸಾ ನಗರದ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯ ಮೂಲ ಆಟ ಬಂದದ್ದು 2020ರ ಡಿಸೆಂಬರ್ 10ಕ್ಕೆ, ಅದಕ್ಕೆ ಕೂಡಿಸಿದ ಗೂಢಚಾರ ಕಥೆಯ ವಿಸ್ತರಣೆ ಫ್ಯಾಂಟಮ್ ಲಿಬರ್ಟಿ 2023ರ ಸೆಪ್ಟೆಂಬರ್ 26ಕ್ಕೆ. ನೀವು ವೀ ಎಂಬ ಬಾಡಿಗೆ ಬಂಟರು. ನಿಮ್ಮ ತಲೆಯೊಳಗೆ ಕೂತಿರುವ ರೆಲಿಕ್ ಎಂಬ ಚಿಪ್ಪು ನಿಮ್ಮನ್ನು ದಿನದಿನಕ್ಕೂ ಕೊಲ್ಲುತ್ತಿದೆ. ಆ ಚಿಪ್ಪಿನಲ್ಲಿ ಜಾನಿ ಸಿಲ್ವರ್‌ಹ್ಯಾಂಡ್ ಎಂಬ ಸತ್ತುಹೋದ ರಾಕ್ ಗಾಯಕನ ಮನಸ್ಸಿದೆ, ದನಿ ಕಿಯಾನು ರೀವ್ಸ್ ಅವರದು. ಹೀಗಿರುವಾಗ ಸಾಂಗ್‌ಬರ್ಡ್ ಎಂಬ ನೆಟ್‌ರನ್ನರ್, ಅಂದರೆ ಹ್ಯಾಕರ್, ನಿಮ್ಮ ಕಣ್ಣೆದುರು ಮೂಡಿ ಹೇಳುತ್ತಾಳೆ: ನಮ್ಮ ಅಧ್ಯಕ್ಷೆಯ ವಿಮಾನ ಬೀಳುತ್ತಿದೆ, ಆಕೆಯನ್ನು ಉಳಿಸು, ನಿನ್ನ ಜೀವ ನಾನು ಉಳಿಸುತ್ತೇನೆ. ವಿಮಾನ ಬೀಳುವುದು ಡಾಗ್‌ಟೌನ್ ಎಂಬ ಕೋಟೆಗೋಡೆಯೊಳಗಿನ ಪೇಟೆಯಲ್ಲಿ. ಕರ್ಟ್ ಹ್ಯಾನ್ಸನ್ ಎಂಬ ಮಾಜಿ ಸೈನಿಕ ತನ್ನ ಬಾರ್ಗೆಸ್ಟ್ ಪಡೆಯನ್ನು ಕಟ್ಟಿಕೊಂಡು ಅಲ್ಲಿ ದೊರೆಯಂತೆ ಆಳುತ್ತಿದ್ದಾನೆ.

ಮೊದಲು ಯಂತ್ರದ ಮಾತು, ಬೇಗ ಮುಗಿಸೋಣ

ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಇರುವವರಿಗೆ ಈ ವಿಸ್ತರಣೆ ಇಲ್ಲವೇ ಇಲ್ಲ. ಮೂಲ ಆಟ ಅಲ್ಲಿ ಓಡುತ್ತದೆ ಎಂಬ ನಂಬಿಕೆಯಲ್ಲಿ ದುಡ್ಡು ಕಟ್ಟಬೇಡಿ. ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳಲ್ಲಿ ಸೆಕೆಂಡಿಗೆ 60 ಫ್ರೇಮಿನ ಪರ್ಫಾರ್ಮೆನ್ಸ್ ಮೋಡನ್ನೇ ಆರಿಸಿಕೊಳ್ಳಿ. 30ರ ಮೋಡಿನಲ್ಲಿ ಚಿತ್ರ ಅಂದವಾಗಿದ್ದರೂ ಕಾರು ಓಡಿಸುತ್ತ ಗುಂಡು ಹಾರಿಸುವಾಗ ಕೈ ತಡವರಿಸುತ್ತದೆ.

ಕಂಪ್ಯೂಟರಿನಲ್ಲಿ ಆಡುವವರು ನೋಡಬೇಕಾದ ಮೊದಲ ವಸ್ತು ಗ್ರಾಫಿಕ್ಸ್ ಕಾರ್ಡಲ್ಲ, ಡಿಸ್ಕು. 2.0 ಅಪ್‌ಡೇಟಿನಿಂದ ಈಚೆಗೆ ಎಸ್‌ಎಸ್‌ಡಿ ಕಡ್ಡಾಯ, ಅದೂ 70 ಜಿಬಿ ಖಾಲಿ ಇರಬೇಕು. ಕನಿಷ್ಠ ಮಟ್ಟಕ್ಕೆ 12 ಜಿಬಿ ರ್‍ಯಾಮ್, ಜಿಟಿಎಕ್ಸ್ 1060ರ 6 ಜಿಬಿ ಕಾರ್ಡು ಸಾಕು. ಆಪಲ್ ಸಿಲಿಕಾನ್ ಮ್ಯಾಕ್‌ಗಳಿಗೆ 2025ರ ಜುಲೈನಲ್ಲಿ ಬಂತು, ಎಂ1 ಆದರೂ ನಡೆಯುತ್ತದೆ, ಆದರೆ 16 ಜಿಬಿ ಮೆಮರಿ ಬೇಕೇಬೇಕು. ಪ್ರಯಾಣದಲ್ಲಿ ಆಡುವವರಿಗೆ ನಿಂಟೆಂಡೊ ಸ್ವಿಚ್ 2 ಇದೆ. 2025ರ ಜೂನ್ 5ರಂದು ಆ ಯಂತ್ರ ಬಿಡುಗಡೆಯಾದ ದಿನವೇ ಅಲ್ಟಿಮೇಟ್ ಎಡಿಶನ್ ಬಂತು, ಮೂಲ ಆಟ ಮತ್ತು ವಿಸ್ತರಣೆ ಎರಡೂ ಅದರಲ್ಲಿವೆ.

ಕೊಳ್ಳುವಾಗ ಒಂದು ಎಚ್ಚರ. ಮೂಲ ಆಟ ಸ್ಟೀಮ್‌ನಲ್ಲಿದ್ದರೆ ವಿಸ್ತರಣೆಯನ್ನೂ ಸ್ಟೀಮ್‌ನಲ್ಲೇ ತೆಗೆದುಕೊಳ್ಳಿ, ಗಾಗ್‌ನಲ್ಲಿದ್ದರೆ ಗಾಗ್‌ನಲ್ಲೇ. ಒಂದು ಅಂಗಡಿಯ ವಿಸ್ತರಣೆ ಇನ್ನೊಂದು ಅಂಗಡಿಯ ಆಟಕ್ಕೆ ಕೂಡಿಕೊಳ್ಳುವುದಿಲ್ಲ. ಎರಡೂ ಇಲ್ಲದವರು ಅಲ್ಟಿಮೇಟ್ ಎಡಿಶನ್ ರಿಯಾಯಿತಿಗೆ ಬರುವವರೆಗೆ ಕಾದರೂ ನಷ್ಟವಿಲ್ಲ.

ಕನ್ನಡದಲ್ಲಾಗಲಿ ಬೇರೆ ಯಾವ ಭಾರತೀಯ ಭಾಷೆಯಲ್ಲಾಗಲಿ ಸಬ್‌ಟೈಟಲ್ ಇಲ್ಲ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ಸೆಟ್ಟಿಂಗಿನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿ. ಇದು ಮಾತಿನ ಮೇಲೆ ನಿಂತ ಕಥೆ. ಒಂದು ಸಾಲು ತಪ್ಪಿದರೆ ಯಾರು ಯಾವಾಗ ಸುಳ್ಳು ಹೇಳಿದರು ಅನ್ನುವುದೇ ಕೈತಪ್ಪುತ್ತದೆ.

ಹಳೆಯ ಸೇವ್, ಹೊಸ ವೀ, ಅಥವಾ ನೇರ ಜಿಗಿತ

ಇಲ್ಲಿ ಮೂರು ದಾರಿಗಳಿವೆ.

ಹೊಸ ಆಟ ಶುರು ಮಾಡುವಾಗಲೇ ನೇರವಾಗಿ ಫ್ಯಾಂಟಮ್ ಲಿಬರ್ಟಿಗೆ ಜಿಗಿಯುವ ಆಯ್ಕೆ ಇದೆ. ಆಟ ನಿಮ್ಮನ್ನು 15ನೇ ಲೆವೆಲಿಗೆ ಏರಿಸಿ, ಹಿಂದಿನ ಕಥೆ ಆಗಿಹೋಗಿದೆ ಎಂದು ಲೆಕ್ಕ ಹಾಕಿ, ಡಾಗ್‌ಟೌನ್ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಸಮಯವಿಲ್ಲದವರಿಗೆ ಇದು ಆಸೆ ಹುಟ್ಟಿಸುತ್ತದೆ, ನನಗೆ ಅರ್ಥವಾಗುತ್ತದೆ. ಮೂಲ ಆಟವನ್ನು 2020–21ರಲ್ಲೇ ಒಮ್ಮೆ ಪೂರ್ತಿ ಆಡಿ, ಸೇವ್ ಕಳೆದುಕೊಂಡವರಿಗೆ ಇದು ಸರಿಯಾದ ದಾರಿಯೂ ಹೌದು. ಆದರೆ ಮೊದಲ ಸಲ ಆಡುವವರು ಈ ಬಾಗಿಲಿಂದ ಒಳಗೆ ಬರಲೇಬೇಡಿ. ಸಾಂಗ್‌ಬರ್ಡ್ "ನಿನ್ನ ಜೀವ ಉಳಿಸುತ್ತೇನೆ" ಎಂದಾಗ ಆ ಮಾತು ನಿಮ್ಮ ಎದೆಗೆ ನಾಟಬೇಕಾದರೆ, ಗೆಳೆಯ ಜಾಕಿ ವೆಲ್ಸ್ ಜೊತೆ ನೂಡಲ್ಸ್ ಅಂಗಡಿಯಲ್ಲಿ ಕೂತ ನೆನಪು ಬೇಕು, ಅವನನ್ನು ಕಳೆದುಕೊಂಡ ರಾತ್ರಿ ಬೇಕು, ನಡುಬೀದಿಯಲ್ಲಿ ರೆಲಿಕ್ ಕೈಕೊಟ್ಟು ಪರದೆ ಚಿಂದಿಯಾಗುವುದನ್ನು ನಾಲ್ಕಾರು ಸಲ ಕಂಡಿರಬೇಕು. ಇಲ್ಲದಿದ್ದರೆ ಅದು ಯಾರೋ ಯಾರಿಗೋ ಕೊಟ್ಟ ಭಾಷೆ.

ಎರಡನೆಯದು, ಕಥೆ ಮುಗಿಸಿದ ಹಳೆಯ ಸೇವ್. ಆಟ ನಿಮ್ಮನ್ನು ಕೊನೆಯ ಘಟ್ಟಕ್ಕೆ ಹೋಗುವ ಮುಂಚಿನ ಜಾಗಕ್ಕೆ, ಎಂಬರ್ಸ್ ಹೋಟೆಲಿನಲ್ಲಿ ಹನಾಕೊ ಎಂಬಾಕೆಯನ್ನು ಭೇಟಿಯಾಗುವ ಮೊದಲಿಗೆ ಬಿಡುತ್ತದೆ. ತೊಂದರೆ ಏನೆಂದರೆ, 2.0 ಅಪ್‌ಡೇಟ್ ಪರ್ಕುಗಳ (ಪಾತ್ರಕ್ಕೆ ಸಿಗುವ ವಿಶೇಷ ಕೌಶಲಗಳ) ಮರವನ್ನೇ ಬುಡಸಮೇತ ಕಿತ್ತು ಹೊಸದಾಗಿ ನೆಟ್ಟಿದೆ. ಹಾಕಿದ್ದ ಪಾಯಿಂಟುಗಳೆಲ್ಲ ವಾಪಸು ಕೈಗೆ ಬರುತ್ತವೆ, ಎಲ್ಲವನ್ನೂ ಒಂದೇ ಏಟಿಗೆ ಹಂಚಬೇಕು. ನಾನು ಮೊದಲು ಹೀಗೇ ಮಾಡಿದೆ. ಒಂದು ಸಂಜೆಯೆಲ್ಲ ಪರ್ಕುಗಳ ವಿವರಣೆ ಓದುವುದರಲ್ಲೇ ಹೋಯಿತು, ಆಮೇಲೂ ಕೈ ಹೊಂದಿಕೊಳ್ಳಲು ಎರಡು ದಿನ ಹಿಡಿಯಿತು. ಆದರೂ ಆ ವೀ ನನ್ನ ವೀ, ಅವಳ ಗಾಯಗಳೆಲ್ಲ ನನಗೆ ಗೊತ್ತು. ಈ ದಾರಿಗೆ ಅದೊಂದು ದೊಡ್ಡ ಬಲ.

ಮೂರನೆಯದು, ಹೊಸ ವೀ ಕಟ್ಟಿ ಮೊದಲಿಂದ ಆಡುತ್ತ, ನಡುವಿನಲ್ಲಿ ವಿಸ್ತರಣೆಗೆ ಹೋಗುವುದು. ಸಾಂಗ್‌ಬರ್ಡಿನ ಕರೆ ಬರುವುದು ಎರಡನೇ ಅಂಕದಲ್ಲಿ, ಪೆಸಿಫಿಕಾದ ವೂಡೂ ಬಾಯ್ಸ್ ಗುಂಪಿನೊಂದಿಗಿನ 'ಟ್ರಾನ್ಸ್‌ಮಿಷನ್' ಮಿಷನ್ ಮುಗಿದ ಮೇಲೆ. ಸಮಯ ಇದ್ದವರಿಗೆ ನನ್ನ ಸಲಹೆ ಇದೇ. ಅಲ್ಲಿವರೆಗೆ ಬನ್ನಿ, ಆಮೇಲೆ ವೀಗೆ ಹತ್ತಿರವಾಗುವ ಪಾನಮ್ ಮತ್ತು ಜೂಡಿಯ ಕಥೆಗಳನ್ನು ಸ್ವಲ್ಪ ದೂರ ನಡೆಸಿ, ಆಗ ಡಾಗ್‌ಟೌನಿಗೆ ಹೊರಡಿ. ಆ ಹೊತ್ತಿಗೆ ನಿಮಗೆ ಈ ಊರಿನಲ್ಲಿ ನಾಲ್ಕು ಜನ ಬೇಕಾದವರಾಗಿರುತ್ತಾರೆ. ಬದುಕುವ ಆಸೆಗೆ ಮುಖಗಳಿರುತ್ತವೆ. ವಿಸ್ತರಣೆ ನಿಮ್ಮಿಂದ ಕಸಿದುಕೊಳ್ಳುವ ಬೆದರಿಕೆ ಹಾಕುವುದೂ ಅದನ್ನೇ.

ಮುಖ್ಯ ಕಥೆಗೆ ಹನ್ನೆರಡರಿಂದ ಹದಿನೈದು ಗಂಟೆ ಇಟ್ಟುಕೊಳ್ಳಿ. ಮಿಸ್ಟರ್ ಹ್ಯಾಂಡ್ಸ್ ಎಂಬ ದಲ್ಲಾಳಿ ಕೊಡುವ ಗಿಗ್‌ಗಳನ್ನೂ, ಅಂದರೆ ಸಣ್ಣ ಬಾಡಿಗೆ ಕೆಲಸಗಳನ್ನೂ, ಆಡಿದರೆ ಅದರ ದುಪ್ಪಟ್ಟಾಗುತ್ತದೆ, ಮತ್ತು ಅವನ್ನು ಬಿಡಬೇಡಿ. ಮೂಲ ಆಟದ ಗಿಗ್‌ಗಳು ಹೋಗು, ಹೊಡಿ, ಬಾ ಅನ್ನುವ ಜಾತಿಯವು. ಇಲ್ಲಿನವು ಒಂದೊಂದೂ ಒಂದು ಸಣ್ಣ ಕತೆ, ಕೊನೆಯಲ್ಲಿ ನೀವು ತೀರ್ಮಾನ ಕೊಡಬೇಕು.

ಯಾವ ಬಗೆಯ ಆಟ ಈ ಕಥೆಗೆ ಒಗ್ಗುತ್ತದೆ

ಬಂದೂಕು, ಕತ್ತಿ, ಹ್ಯಾಕಿಂಗ್, ಎಲ್ಲದರಲ್ಲೂ ಮುಗಿಸಬಹುದು. ಆದರೆ ಇದು ವೇಷ ಹಾಕಿ ಬೇರೆಯವರ ಮನೆಗೆ ನುಗ್ಗುವ ಕಥೆ. ಸದ್ದಿಲ್ಲದೆ ಆಡುವವರಿಗೆ ಇದರ ಮೈ ಹೆಚ್ಚು ಸಿಗುತ್ತದೆ. ವಿಸ್ತರಣೆಯೊಂದಿಗೆ ಬರುವ ರೆಲಿಕ್ ಪರ್ಕುಗಳಲ್ಲಿ ಮೂರು ಕವಲುಗಳಿವೆ: ಶತ್ರುವಿನ ದುರ್ಬಲ ಜಾಗ ತೋರಿಸುವುದೊಂದು, ಕೈಗೆ ಜೋಡಿಸಿದ ಆಯುಧಗಳಿಗೆ ಹೊಸ ಶಕ್ತಿ ಕೊಡುವುದೊಂದು, ಸಿಕ್ಕಿಬಿದ್ದಾಗ ಮಾಯವಾಗಲು ನೆರವಾಗುವ ಎಮರ್ಜೆನ್ಸಿ ಕ್ಲೋಕಿಂಗ್ ಇನ್ನೊಂದು. ನಾನು ಕೊನೆಯದಕ್ಕೇ ಮೊದಲು ಪಾಯಿಂಟ್ ಹಾಕುತ್ತೇನೆ. ಡಾಗ್‌ಟೌನಿನ ಮೂಲೆಗಳಲ್ಲಿ ಧೂಳು ಹಿಡಿದು ಕೂತಿರುವ, ಮಿಲಿಟೆಕ್ ಎಂಬ ಶಸ್ತ್ರಾಸ್ತ್ರ ಕಂಪನಿಯ ಟರ್ಮಿನಲ್‌ಗಳನ್ನು ಹುಡುಕಿದರೆ ಇನ್ನಷ್ಟು ಪಾಯಿಂಟ್ ಸಿಗುತ್ತವೆ. ಲೆವೆಲ್ ಮಿತಿಯೂ 50ರಿಂದ 60ಕ್ಕೆ ಏರುತ್ತದೆ, ಹಾಗಾಗಿ ಬಿಗಿಹಿಡಿದು ಲೆಕ್ಕ ಹಾಕುವ ಅಗತ್ಯವಿಲ್ಲ.

ಬ್ಲ್ಯಾಕ್ ಸಫೈರ್ ಕಟ್ಟಡದ ಔತಣಕೂಟಕ್ಕೆ ಹೋಗುವ ರಾತ್ರಿಯನ್ನು ದಯವಿಟ್ಟು ಒಂದೇ ಉಸಿರಿಗೆ, ನಡುವೆ ಎದ್ದು ಹೋಗದೆ ಆಡಿ. ಕತ್ತಲ ನೀರಿನಲ್ಲಿ ಈಜಿ ಒಳಗೆ ಸೇರುತ್ತೀರಿ. ಆಮೇಲೆ ಒಗೆದು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ದೊಡ್ಡವರ ನಡುವೆ ಕೂರುತ್ತೀರಿ. ರೂಲೆಟ್ ಮೇಜಿನಲ್ಲಿ ಎದುರಿಗೆ ಕ್ಯಾಸೆಲ್ ಅವಳಿಗಳು, ಓರೋರ್ ಮತ್ತು ಎಮೆರಿಕ್. ಇವರ ಮುಖವನ್ನೇ ನೀವು ಆಮೇಲೆ ಕದಿಯಬೇಕು. ಅದಕ್ಕಾಗಿ ಅವರನ್ನು ಮಾತಿಗೆಳೆಯಬೇಕು. ಚಕ್ರ ತಿರುಗುತ್ತಿರುತ್ತದೆ, ನೀವು ಕೇಳಿದ ಪ್ರಶ್ನೆಗೆ ಅಕ್ಕತಮ್ಮ ಒಬ್ಬರನ್ನೊಬ್ಬರು ನೋಡಿಕೊಂಡು ನಗುತ್ತಾರೆ, ಅವರೂ ನಿಮ್ಮನ್ನು ಅಳೆಯುತ್ತಿದ್ದಾರೆ ಎಂದು ಆಗ ಹೊಳೆಯುತ್ತದೆ. ಒಂದೂ ಗುಂಡು ಹಾರುವುದಿಲ್ಲ. ಇಡೀ ಆಟದಲ್ಲಿ ನನ್ನ ಅಂಗೈ ಬೆವರಿದ್ದು ಅಲ್ಲಿ.

ಇಲ್ಲಿಂದ ಮುಂದೆ ಗುಟ್ಟುಗಳಿವೆ

ಆಡದವರು ಇಲ್ಲಿಗೆ ನಿಲ್ಲಿಸಿ. 'ಫೈರ್‌ಸ್ಟಾರ್ಟರ್' ಎಂಬ ಮಿಷನ್ ಶುರುವಾಗುವ ಮುಂಚೆ ಕೈಯಾರೆ ಒಂದು ಸೇವ್ ಮಾಡಿಕೊಳ್ಳಿ, ಅದರ ಮೇಲೆ ಬೇರೇನೂ ಬರೆಯಬೇಡಿ. ಆಡಿ ಮುಗಿಸಿ ಮರಳಿ ಬನ್ನಿ.

ಆ ಮಿಷನ್ನಿನಲ್ಲಿ ನೀವು ಎಮೆರಿಕ್‌ನ ಮುಖ ಹೊತ್ತು ಹ್ಯಾನ್ಸನ್ ಎದುರು ನಿಂತಿರುತ್ತೀರಿ. ರೀಡ್ ಹಾಕಿದ ಯೋಜನೆಯಂತೆ ಸಾಂಗ್‌ಬರ್ಡನ್ನು ಸೆರೆಹಿಡಿಯಬೇಕು. ಅವಳೋ, ರೀಡ್‌ಗೆ ನನ್ನನ್ನು ಒಪ್ಪಿಸಬೇಡ, ನನ್ನ ಜೊತೆ ಬಾ, ಇಬ್ಬರೂ ಬದುಕೋಣ ಎನ್ನುತ್ತಾಳೆ. ಅಲ್ಲಿಗೆ ಕಥೆ ಸೀಳುತ್ತದೆ. ಒಂದು ದಾರಿಯ ಮಿಷನ್ನುಗಳು ಇನ್ನೊಂದರಲ್ಲಿ ಕಾಣುವುದೇ ಇಲ್ಲ.

ಸಾಲೊಮನ್ ರೀಡ್. ದನಿ ಮತ್ತು ಮುಖ ಇದ್ರಿಸ್ ಎಲ್ಬಾ ಅವರದು. ಎನ್‌ಯುಎಸ್‌ಎ ಎಂಬ ಹೊಸ ಅಮೆರಿಕದ ಬೇಹುಗಾರ. ಅಮೆರಿಕದ ಏಕೀಕರಣದ ಯುದ್ಧ ಮುಗಿದು ಏಳು ವರ್ಷವಾದರೂ, ತನ್ನವರೇ ಕೈಬಿಟ್ಟ ಮೇಲೂ, ಕರೆ ಬರುತ್ತದೆಂದು ಕಥೆ ನಡೆಯುವ ನೈಟ್ ಸಿಟಿಯಲ್ಲೇ ಕಾದವನು. ನೀವು ಹಳೆಯ ಸಾರ್ವಜನಿಕ ಫೋನಿನಿಂದ ಸಂಕೇತದ ಮಾತು ಹೇಳಿದಾಗ ಬಂದೇ ಬರುತ್ತಾನೆ. ಅವನ ದನಿಯಲ್ಲಿ ದಣಿವಿದೆ, ಕೊಟ್ಟ ಮಾತಿಗೆ ತಪ್ಪುವ ಮನುಷ್ಯನಲ್ಲ ಅನಿಸುತ್ತದೆ. ತೊಂದರೆ ಇರುವುದು ಅವನು ಯಾರಿಗೆ ಮಾತು ಕೊಟ್ಟಿದ್ದಾನೆ ಎನ್ನುವುದರಲ್ಲಿ. ಅಧ್ಯಕ್ಷೆ ರೋಸಲಿಂಡ್ ಮೈಯರ್ಸ್ ಆ ಕುರ್ಚಿಗೆ ಬರುವ ಮುಂಚೆ ಅದೇ ಮಿಲಿಟೆಕ್ ಕಂಪನಿಯ ಮುಖ್ಯಸ್ಥೆ.

ಸಾಂಗ್ ಸೋ ಮಿ ಎಂಬ ಸಾಂಗ್‌ಬರ್ಡ್, ದನಿ ಮಿಂಜಿ ಚಾಂಗ್ ಅವರದು. ಬ್ರೂಕ್ಲಿನ್‌ನ ಹುಡುಗಿ, ಇಲಾಖೆಗೆ ಎಳೆದು ತಂದವನು ಇದೇ ರೀಡ್. ಕಂಪ್ಯೂಟರ್ ಜಾಲದಲ್ಲಿ ಕಟ್ಟು ಮೀರಿದ ಯಂತ್ರಬುದ್ಧಿಗಳನ್ನು ಆಚೆ ತಡೆದಿಟ್ಟಿರುವ ಬ್ಲ್ಯಾಕ್‌ವಾಲ್ ಎಂಬ ಗೋಡೆಯಾಚೆಗೆ ಅವಳನ್ನು ಮತ್ತೆ ಮತ್ತೆ ಕಳಿಸಿದರು, ಅದು ಅವಳನ್ನು ಒಳಗಿನಿಂದ ತಿನ್ನುತ್ತಿದೆ. ಅವಳೂ ನಿಮ್ಮಂತೆಯೇ ಸಾಯುತ್ತಿದ್ದಾಳೆ. ಸುಳ್ಳು ಹೇಳುತ್ತಾಳೆ, ಹೌದು. ಸಾವಿನ ಬಾಗಿಲಲ್ಲಿ ನಿಂತವಳ ಸುಳ್ಳಿಗೂ ಅಧಿಕಾರದಲ್ಲಿ ಕೂತವಳ ಸುಳ್ಳಿಗೂ ನಾನು ಒಂದೇ ತಕ್ಕಡಿ ಹಿಡಿಯಲಾರೆ.

ಆಟವಾಗಿ ಹೋಲಿಸಿದರೆ ಎರಡು ದಾರಿಗಳ ರುಚಿ ಪೂರಾ ಬೇರೆ. ರೀಡ್ ದಾರಿಯಲ್ಲಿ ಮ್ಯಾಕ್ಸ್‌ಟ್ಯಾಕ್ ಎಂಬ ವಿಶೇಷ ಪೊಲೀಸ್ ಪಡೆಯೊಂದಿಗೆ ಕಾದಾಟ, ಆಮೇಲೆ ಡಾಗ್‌ಟೌನ್ ನೆಲದಡಿಯ ಸೈನೋಶರ್ ಎಂಬ ಮಿಲಿಟೆಕ್‌ನ ಹಳೆಯ ರಹಸ್ಯ ಕೇಂದ್ರ. ಅಲ್ಲಿ ಸರ್ಬೆರಸ್ ಎಂಬ ಯಂತ್ರ ನಿಮ್ಮನ್ನು ಬೇಟೆಯಾಡುತ್ತದೆ. ಇಷ್ಟು ಹೊತ್ತು ಗಳಿಸಿದ ಆಯುಧ, ಪರ್ಕು ಯಾವುದೂ ಅದರ ಮುಂದೆ ನಡೆಯುವುದಿಲ್ಲ. ಬಗ್ಗಿ, ಅಡಗಿ, ಅದರ ಹೆಜ್ಜೆ ಸದ್ದು ದೂರವಾಗುವವರೆಗೆ ಉಸಿರು ಬಿಗಿಹಿಡಿಯಬೇಕು. ಒಮ್ಮೆಲೇ ಆಟ ಭಯಾನಕ ಕಥೆಯಾಗಿಬಿಡುತ್ತದೆ. ಅಂಥದ್ದು ಒಗ್ಗದವರು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಆ ಕತ್ತಲ ಮಧ್ಯೆ ಸಾಂಗ್‌ಬರ್ಡಿನ ಹಳೆಯ ನೆನಪುಗಳು ತುಣುಕು ತುಣುಕಾಗಿ ತೆರೆಯುತ್ತವೆ. ಎರೆಬಸ್ ಬಂದೂಕು, ಕ್ಯಾಂಟೊ ಸೈಬರ್‌ಡೆಕ್ (ಹ್ಯಾಕಿಂಗ್ ಸಾಧನ) ಬೇಕಾದವರಿಗೆ ಇದೊಂದೇ ದಾರಿ, ಅವುಗಳ ಬೇರು ಸೈನೋಶರ್‌ನಲ್ಲೇ ಇರುವುದು. ಕೊನೆಯಲ್ಲಿ ಅವಳನ್ನು ಜೀವಂತ ಒಪ್ಪಿಸಬೇಕೋ, ಅವಳೇ ಬೇಡುವ ಸಾವನ್ನು ಕೊಡಬೇಕೋ ಎಂದು ಕೇಳುತ್ತದೆ.

ಸಾಂಗ್‌ಬರ್ಡ್ ದಾರಿ ಇದಕ್ಕೆ ತದ್ವಿರುದ್ಧ. 'ದಿ ಕಿಲ್ಲಿಂಗ್ ಮೂನ್' ಮಿಷನ್ನಿನಲ್ಲಿ ಬಾಹ್ಯಾಕಾಶ ನೌಕೆಗಳು ಹೊರಡುವ ನೆಲದ ಮೇಲಿನ ನಿಲ್ದಾಣದ ಉದ್ದಕ್ಕೂ ಬಯಲಿನಲ್ಲೇ ಯುದ್ಧ. ನೀವು ಬೆಳೆಸಿದ ಬಿಲ್ಡಿಗೆ, ಅಂದರೆ ಆಯುಧ ಮತ್ತು ಪರ್ಕುಗಳ ಜೋಡಣೆಗೆ, ಹಬ್ಬ. ಅದು ತಣ್ಣಗಾದ ಮೇಲೆ ಟ್ರಾಮಿನಲ್ಲಿ ನೀವಿಬ್ಬರೇ. ಆಗ ಅವಳು ಬಾಯಿಬಿಡುತ್ತಾಳೆ: ಮದ್ದು ಒಬ್ಬರಿಗೆ ಮಾತ್ರ. ಮೊದಲಿಂದಲೂ ಗೊತ್ತಿತ್ತು. ಅದೇ ಹೊತ್ತಿಗೆ ರೀಡ್ ಫೋನಿನಲ್ಲಿ ಬರುತ್ತಾನೆ. ಅವಳನ್ನು ಒಪ್ಪಿಸಬಹುದು. ಅಥವಾ, ನಡೆಯಲೂ ಆಗದ ಅವಳನ್ನು ತೋಳಲ್ಲಿ ಎತ್ತಿಕೊಂಡು ಚಂದ್ರನಿಗೆ ಹೋಗುವ ನೌಕೆಯತ್ತ ನಡೆಯಬಹುದು, ದಾರಿಯಲ್ಲಿ ನಿಂತ ರೀಡ್‌ನನ್ನು ಎದುರಿಸಬಹುದು.

ಹೀಗೆ ನಾಲ್ಕು ಕೊನೆಗಳು. ನಿಮ್ಮ ಜೀವದ ಲೆಕ್ಕದಲ್ಲಿ ನೋಡಿದರೆ ಸಾಂಗ್‌ಬರ್ಡ್ ಬದುಕಿ ಸರ್ಕಾರದ ಕೈಸೇರಿದ ಎರಡರಲ್ಲಿ ಮಾತ್ರ ಮುಖ್ಯ ಆಟಕ್ಕೆ 'ದಿ ಟವರ್' ಎಂಬ ಹೊಸ ಅಂತ್ಯ ತೆರೆಯುತ್ತದೆ. ವೀ ಬದುಕುತ್ತಾರೆ. ಆದರೆ ಎಚ್ಚರವಾಗುವುದು ಎರಡು ವರ್ಷದ ನಂತರ. ಜಾನಿ ಇಲ್ಲ, ಕಾದಾಡುವ ಇಂಪ್ಲಾಂಟ್ ಇನ್ನೆಂದೂ ಹಾಕುವಂತಿಲ್ಲ, ಬೇಕಾದವರೆಲ್ಲ ತಮ್ಮ ತಮ್ಮ ಬದುಕಿಗೆ ಹೋಗಿದ್ದಾರೆ. ಒಬ್ಬೊಬ್ಬರಿಗೂ ಫೋನ್ ಮಾಡುತ್ತ ಕೂರುವ ಆ ದೃಶ್ಯವಿದೆಯಲ್ಲ, ನೇರ ಜಿಗಿತದಿಂದ ಬಂದವರಿಗೆ ಅದು ಅಪರಿಚಿತರ ಹೆಸರುಗಳ ಪಟ್ಟಿ. ಜೂಡಿಯ ಜೊತೆ ನೀರಿಗಿಳಿದವರಿಗೆ, ಪಾನಮ್ ಜೊತೆ ಮರುಭೂಮಿಯಲ್ಲಿ ರಾತ್ರಿ ಕಳೆದವರಿಗೆ ಅದು ಸಂಕಟ. ಶುರುವಿನಲ್ಲಿ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಹಾಗಾದರೆ ಮೊದಲು ಯಾವುದು? ಮೊದಲ ಸಲ ಸಾಂಗ್‌ಬರ್ಡ್ ಜೊತೆ ಹೋಗಿ. ಕಾರಣ ಇಷ್ಟೇ: ಆ ದಾರಿಯಲ್ಲಿ ಸತ್ಯ ಗೊತ್ತಾದ ಮೇಲೆ ಇನ್ನೊಮ್ಮೆ ಆಯ್ಕೆ ಸಿಗುತ್ತದೆ. ನಂಬಿ ಮೋಸಹೋದ ಮೇಲೂ ಕೈಹಿಡಿಯುತ್ತೀರಾ ಎಂದು ಆಟ ಕೇಳುತ್ತದೆ, ಉತ್ತರ ಕೊಡಲು ಟ್ರಾಮ್ ನಿಲ್ಲುವವರೆಗಿನ ಸಮಯವಿದೆ. ಆಮೇಲೆ ಆ ಎತ್ತಿಟ್ಟ ಸೇವ್ ತೆರೆದು ರೀಡ್ ದಾರಿ ಹಿಡಿಯಿರಿ. ಆಗ ಸೈನೋಶರ್‌ನ ಕತ್ತಲಲ್ಲಿ ಅವಳ ನೆನಪುಗಳು ತೆರೆದಾಗ, ಅವಳು ಯಾರೆಂದು ನಿಮಗೆ ಮೊದಲೇ ಗೊತ್ತಿರುತ್ತದೆ, ಅಡಗಿ ಕೂತ ಮೂಲೆಯಲ್ಲಿ ಭಯದ ಜೊತೆಗೆ ಮರುಕವೂ ಬರುತ್ತದೆ. ತಿರುವು ಮುರುವು ಮಾಡಿದರೆ ಇದು ಸಿಗದು, ನಾನು ಎರಡೂ ಕ್ರಮದಲ್ಲಿ ಆಡಿ ನೋಡಿದ್ದೇನೆ.

ಭಯಾನಕ ಆಟ ಇಷ್ಟಪಡುವವರು, ಒಂದೇ ಸಲ ಆಡಲು ಪುರುಸೊತ್ತಿರುವವರು ರೀಡ್ ದಾರಿಯನ್ನೇ ಹಿಡಿದರೂ ಮೋಸವಿಲ್ಲ. ವಿನ್ಯಾಸದ ಕೌಶಲ ನೋಡಿದರೆ ಸೈನೋಶರ್ ಈ ಆಟದ ಶಿಖರ. 'ದಿ ಟವರ್' ನೋಡಲೇಬೇಕು ಎನ್ನುವವರಿಗೆ ಮಾತ್ರ ಒಂದು ಎಚ್ಚರಿಕೆ: ರೀಡ್ ದಾರಿಯ ಕೊನೆಯಲ್ಲಿ ಅವಳ ಕೋರಿಕೆಗೆ ಕರಗಿದರೆ ಆ ಬಾಗಿಲು ಮುಚ್ಚಿಹೋಗುತ್ತದೆ.

ಇಷ್ಟು ಬರೆದ ಮೇಲೂ ಅದೇ ರಾತ್ರಿ ಹನ್ನೊಂದರ ಫೋನು ಬಂದರೆ ನಾನು ಹೇಳುವುದು, ಇವತ್ತು ಸೇವ್ ಮಾಡಿ ಮಲಗು, ನಾಳೆ ಆಡು ಅಂತ. ನನ್ನ ಮುಖ್ಯ ಸೇವ್‌ನಲ್ಲಿ ಸಾಂಗ್‌ಬರ್ಡ್ ಚಂದ್ರನಿಗೆ ಹೋಗಿದ್ದಾಳೆ, ನನ್ನ ವೀಗೆ ಮದ್ದಿಲ್ಲ. ಎಂಬರ್ಸ್‌ನಲ್ಲಿ ಹನಾಕೊ ಕಾಯುತ್ತಲೇ ಇದ್ದಾಳೆ. ನಾನಿನ್ನೂ ಆ ಲಿಫ್ಟ್ ಹತ್ತಿಲ್ಲ.